ಒಂದೇ ಹೋಟೆಲು, ಒಂದೇ ದಿನ, ಎರಡು ಥರದ ತಟ್ಟೆ ಇಡ್ಲಿ

ಕೇಸು ಇಷ್ಟು. ಹೋದ ನವೆಂಬರ್‌ನ ಒಂದು ಶನಿವಾರ ಮೈಸೂರಲ್ಲಿ ನಮ್ಮ ಸೋದರತ್ತೆ ಮನೆಯ ಗೃಹಪ್ರವೇಶ. ಕಾರಲ್ಲಿ ನಾಲ್ಕು ಜನ: ನಾನು, ಅಪ್ಪ, ತಮ್ಮ, ಏಳನೇ ಕ್ಲಾಸಿನ ನನ್ನ ಮಗಳು. ಅಮ್ಮ ಎರಡು ದಿನ ಮೊದಲೇ ಹೋಗಿ ಅಲ್ಲಿ ಒಬ್ಬಟ್ಟಿಗೆ ಕಣಕ ನಾದುತ್ತಿದ್ದಳು. ಹೋಗುವಾಗ ಬೆಳಿಗ್ಗೆ 7.20ಕ್ಕೆ ಬಿಡದಿಯ ಹಳೇ ರಸ್ತೆಯ ಒಂದು ಹೋಟೆಲಲ್ಲಿ ತಟ್ಟೆ ಇಡ್ಲಿ ತಿಂದೆವು. ವಾಪಸ್ ಬರುವಾಗ ಸಂಜೆ 4.40ಕ್ಕೆ ಅದೇ ಹೋಟೆಲು, ಅದೇ ಮೂಲೆ ಟೇಬಲ್ಲು, ಅದೇ ತಟ್ಟೆ ಇಡ್ಲಿ. ಬೆಳಿಗ್ಗೆಯದು ಬಾಯಿಗೆ ಇಟ್ಟರೆ ಇರಲಿಲ್ಲ. ಸಂಜೆಯದು ಬಾಯಿಗೆ ಇಟ್ಟ ಮೇಲೂ ಇತ್ತು, ತುಂಬ ಹೊತ್ತು ಇತ್ತು.

ತಮ್ಮ ತಕ್ಷಣ ಫೋನ್ ತೆಗೆದ. ಒಂದು ಸ್ಟಾರ್ ಒತ್ತಿ, "ಹೆಸರಿಗೆ ಮಾತ್ರ ಬಿಡದಿ" ಅಂತ ಬರೆದು, ಫೋಟೋ ಹಾಕುವ ಹುಮ್ಮಸ್ಸಿನಲ್ಲಿದ್ದ. ಅಪ್ಪ ತಡೆದರು. "ತಡಿ ಮಗ. ಬೆಳಿಗ್ಗೆ ನೀನೇ ಎರಡೂವರೆ ತಿಂದೆ. ಒಂಬತ್ತು ಗಂಟೇಲಿ ಹೋಟ್ಲು ಕೆಟ್ಟೋಗುತ್ತಾ? ಒಳಗೆ ಹೋಗಿ ಕೇಳ್ಕೊಂಡ್ ಬರೋಣ ನಡಿ."

ಹೋಟೆಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಹೋಟೆಲಿನ ತಪ್ಪು ಅಂತ ಹೇಳುವ ಹಾಗೂ ಇಲ್ಲ, ಮುಂದೆ ಓದಿದರೆ ಗೊತ್ತಾಗುತ್ತದೆ.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಈ ಕೇಸಿನಲ್ಲಿ ಅರ್ಧ ತನಿಖೆ ಅವರದೇ. ಅವರು ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬೆಂಗಳೂರು-ಮೈಸೂರು ರೂಟಲ್ಲೇ ಇಪ್ಪತ್ತು ವರ್ಷದ ಮೇಲೆ. ಯಾವ ಹೋಟೆಲಿನ ಮುಂದೆ ಬಸ್ಸು ನಿಲ್ಲುತ್ತದೆ, ಡ್ರೈವರ್ ಕಂಡಕ್ಟರ್‌ಗೆ ಎಲ್ಲಿ ತಿಂಡಿ ಫ್ರೀ, ಎಲ್ಲಿ ಚಟ್ನಿಗೆ ನೀರು ಜಾಸ್ತಿ, ಎಲ್ಲ ಬಾಯಿಪಾಠ. ಈಗ 78 ವರ್ಷ, ಸಕ್ಕರೆ ಕಾಯಿಲೆ ಇದೆ, ಅಮ್ಮನ ಲೆಕ್ಕದಲ್ಲಿ ದಿನಕ್ಕೆ ಎರಡೇ ಸಣ್ಣ ಇಡ್ಲಿ. ತಟ್ಟೆ ಇಡ್ಲಿ ಒಂದೇ ಇಡ್ಲಿ ಅನ್ನುವುದು ಅವರ ವಾದ.

ಹೋಗುವಾಗಿನ ಜಗಳ

ಬಿಡದಿಗೆ ಹೋಗಬೇಕಾ ಬೇಡವಾ ಅನ್ನುವುದೇ ಮೊದಲ ಜಗಳ. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಮೈಸೂರಿಗೆ ಹೊರಟರೆ ರಸ್ತೆ ತಾನಾಗಿ ಬಿಡದಿ ಒಳಗೆ ನುಗ್ಗುತ್ತಿತ್ತು. ಬೋರ್ಡು ಕಾಣುತ್ತಿತ್ತು, ಹಬೆ ಕಾಣುತ್ತಿತ್ತು, ಹೊಟ್ಟೆ ಹಸಿದಿರುತ್ತಿತ್ತು, ಕಾರು ಎಡಕ್ಕೆ ಹೋಗುತ್ತಿತ್ತು. 2023ರ ಮಾರ್ಚ್ 12ಕ್ಕೆ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಸುಮಾರು 118 ಕಿಲೋಮೀಟರ್, ನಡುವೆ ಆರು ಲೇನು, ಎರಡೂ ಪಕ್ಕ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಯಾವ ಊರೂ ದಾರಿಗೆ ಸಿಗುವುದಿಲ್ಲ. ಒಂದೋ ಬೈಪಾಸು, ಇಲ್ಲಾ ಊರಿನ ತಲೆ ಮೇಲೆ ಫ್ಲೈಓವರು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಮೇಲಿನ ರಸ್ತೆಯಲ್ಲಿ ನೂರರಲ್ಲಿ ಹೋಗುವಾಗ ಬಿಡದಿ ಅನ್ನುವುದು ಒಂದು ಹಸಿರು ಬೋರ್ಡು, ಅಷ್ಟೇ.

ತಮ್ಮನ ಲೆಕ್ಕ ಸರಳ. ಕೆಳಗೆ ಇಳಿದು, ತಿಂದು, ಮತ್ತೆ ಹತ್ತಲು ಮುಕ್ಕಾಲು ಗಂಟೆ. ಹೆದ್ದಾರಿ ಉಳಿಸಿಕೊಟ್ಟ ಒಂದೂವರೆ ಗಂಟೆಯಲ್ಲಿ ಅರ್ಧ ಒಂದು ಇಡ್ಲಿಗೆ ಖರ್ಚು. "ಯಾರಾದ್ರೂ ಹಾಗೆ ಮಾಡ್ತಾರಾ?" ಅಪ್ಪ ಹಿಂದಿನ ಸೀಟಿನಿಂದ, "ಉಳಿಸಿದ ಟೈಮ್ ತಗೊಂಡು ಏನ್ ಮಾಡ್ತೀಯೋ? ಮೈಸೂರಲ್ಲಿ ಕೊಲಂಬಿಯಾ ಏಷ್ಯಾ ಸಿಗ್ನಲ್ಲಲ್ಲಿ ಕೂರ್ತೀಯಾ?" ಅಂದರು. ಮಗಳು ತಾತನ ಪಾರ್ಟಿ. ನಾನು ಓಟು ಹಾಕಲಿಲ್ಲ, ಹಾಕಿದರೂ ಮೂರಕ್ಕೆ ಒಂದು ಆಗುತ್ತಿತ್ತು.

ಕೆಂಗೇರಿ ದಾಟಿದ ಮೇಲೆ ಮೇಲಿನ ರಸ್ತೆ ಹತ್ತದೆ ಸರ್ವಿಸ್ ರಸ್ತೆಯಲ್ಲೇ ಹೋದೆವು. ಕುಂಬಳಗೋಡು, ಹಂಪು, ತರಕಾರಿ ಗಾಡಿ, ಕಾರ್ಖಾನೆ ಬಸ್ಸು. ನಿಧಾನ ನಿಜ, ಆದರೆ ಬಿಡದಿವರೆಗೆ ಟೋಲ್ ಇಲ್ಲ. ಇಡ್ಲಿಗೆ ಹೋಗುವವರು ಮಾಡಬೇಕಾದ್ದೂ ಇದನ್ನೇ. ಮೇಲೆ ಹತ್ತಿ ಆಮೇಲೆ ಎಲ್ಲಿ ಇಳಿಯುವುದು ಅಂತ ಹುಡುಕಿಕೊಂಡು ಹೋದವರು ರಾಮನಗರ ನೋಡಿಕೊಂಡು ಬಂದಿದ್ದಾರೆ.

ಬೆಳಿಗ್ಗೆ 7.20

ಹೋಟೆಲು ನಮ್ಮ ದರ್ಶಿನಿ ಥರದ್ದು. 1983ರಲ್ಲಿ ಜಯನಗರದಲ್ಲಿ ಶುರುವಾದ ಆ ನಿಂತು ತಿನ್ನುವ ಪದ್ಧತಿ ಈಗ ಹೆದ್ದಾರಿ ಬದಿಗೂ ಬಂದಿದೆ: ಕೌಂಟರಲ್ಲಿ ದುಡ್ಡು ಕೊಟ್ಟು ಟೋಕನ್ ತಗೋಬೇಕು, ಕಿಟಕಿಯಲ್ಲಿ ಟೋಕನ್ ಕೊಟ್ಟು ತಟ್ಟೆ ತಗೋಬೇಕು, ಜಾಗ ಸಿಕ್ಕಿದ ಕಡೆ ನಿಲ್ಲಬೇಕು. ವಯಸ್ಸಾದವರಿಗೆ ಅಂತ ಮೂಲೆಯಲ್ಲಿ ನಾಲ್ಕು ಕುರ್ಚಿಯ ಟೇಬಲ್ಲು ಎರಡು. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಅರ್ಧ ಜನ ಬೈಕಿನವರು, ಹೆಲ್ಮೆಟ್ಟು ಟೇಬಲ್ ಕೆಳಗೆ. ಒಂದು ಗುಂಪು ಸೈಕಲ್ಲಿನವರು, ಬಿಗಿ ಚಡ್ಡಿ ಹಾಕಿಕೊಂಡು ಬೆಣ್ಣೆ ಜಾಸ್ತಿ ಕೇಳುತ್ತಿದ್ದರು. ಉಳಿದವರು ಕಾರ್ಖಾನೆ ಯೂನಿಫಾರ್ಮಿನವರು, ಶಿಫ್ಟು ಮುಗಿಸಿದವರೋ ಹೊರಟವರೋ. ಬಿಡದಿ ಅಂದರೆ ಈಗ ದೊಡ್ಡ ಕೈಗಾರಿಕಾ ಪ್ರದೇಶ, ಟೊಯೋಟಾ ಕಾರು ತಯಾರಾಗುವುದು ಇಲ್ಲೇ ಅಲ್ವಾ.

ಕಿಟಕಿಯ ಹಿಂದೆಯೇ ಇಡ್ಲಿ ಬೇಯಿಸುವ ಜಾಗ. ಎದೆ ಎತ್ತರದ ಸ್ಟೀಲಿನ ಪೆಟ್ಟಿಗೆ, ಅದರೊಳಗೆ ಖಾನೆಗಳು, ಒಂದೊಂದು ಖಾನೆಯಲ್ಲಿ ಅಂಗೈಗಿಂತ ಅಗಲದ ತಟ್ಟೆಗಳು. ಬಾಗಿಲು ತೆಗೆದಾಗೆಲ್ಲ ಹಬೆ ಭುಸ್ಸಂತ ಬಂದು ಆ ಅಣ್ಣನ ಮುಖವೇ ಕಾಣುತ್ತಿರಲಿಲ್ಲ. ಅವರು ಒದ್ದೆ ಬಟ್ಟೆ ಸುತ್ತಿದ ಕೈಯಲ್ಲಿ ತಟ್ಟೆ ಎಳೆದು, ಚಮಚದ ಹಿಡಿಯನ್ನು ಅಂಚಿನಲ್ಲಿ ಒಂದು ಸುತ್ತು ಆಡಿಸಿ, ತಟ್ಟೆಯನ್ನು ಮಗುಚಿದರೆ ಇಡ್ಲಿ ಬಾಳೆಲೆ ಮೇಲೆ ಬಿದ್ದು ಒಂದು ಸಲ ನಡುಗುತ್ತಿತ್ತು. ಆ ನಡುಕವನ್ನು ಮಗಳಿಗೆ ತೋರಿಸಿದವರು ಅಪ್ಪ. "ನಡುಗಿದ್ರೆ ಸರಿಯಾಗಿದೆ ಅಂತ. ನಡುಗದೇ ಇದ್ರೆ ಮುಂದಿನ ಒಬ್ಬೆಗೆ ಕಾಯ್ಬೇಕು ಪುಟ್ಟಿ."

ಒಬ್ಬೆ ಅನ್ನುವ ಮಾತು ಮಗಳಿಗೆ ಗೊತ್ತಿರಲಿಲ್ಲ. ಒಂದು ಸಲಕ್ಕೆ ಬೇಯುವ ಇಡ್ಲಿಗಳೆಲ್ಲ ಸೇರಿ ಒಂದು ಒಬ್ಬೆ. ನಮ್ಮ ಮನೆಯಲ್ಲಿ ಅಮ್ಮ ಈಗಲೂ ಅದನ್ನೇ ಹೇಳುತ್ತಾಳೆ, ನಾನು ಯಾವಾಗ "ಬ್ಯಾಚು" ಅನ್ನಲು ಶುರು ಮಾಡಿದೆನೋ ನೆನಪಿಲ್ಲ. ಈ ಕೇಸಿಗೆ ಬೇಕಾದ ಮುಖ್ಯ ಪದ ಇದೇ, ನೆನಪಿಟ್ಟುಕೊಳ್ಳಿ.

ನಾನು ಇನ್ನೊಂದು ವಿಷಯವನ್ನೂ ಬಗ್ಗಿ ನೋಡಿದೆ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ರಾಜ್ಯ ಸರ್ಕಾರ ಹೇಳಿತಲ್ಲ, ಅದರಿಂದಾಚೆ ನನಗೆ ಈ ಚಟ. ಹಿಂದೆ ಒದ್ದೆ ಬಟ್ಟೆ ಹಾಸುತ್ತಿದ್ದರು. ಬಟ್ಟೆ ಒಗೆಯಬೇಕು, ಒಣಗಿಸಬೇಕು, ಇಡ್ಲಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಆದರೆ ಸಲೀಸಾಗಿ ಬಿಡುತ್ತದೆ ಅಂತ ಕೆಲವರು ಆ ಕಡೆ ಹೋದರು. ಇಲ್ಲಿ ಎರಡೂ ಇರಲಿಲ್ಲ. ಬರೀ ತಟ್ಟೆಗೆ ಎಣ್ಣೆ ಸವರಿ ಹಿಟ್ಟು ಹುಯ್ಯುತ್ತಿದ್ದರು. ಅದಕ್ಕೇ ಆ ಚಮಚದ ಹಿಡಿ. ಸಮಾಧಾನ ಆಯಿತು.

ರುಚಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬರೆದರೆ ಹಸಿವಾಗುತ್ತದೆ. ಇಡ್ಲಿ ಮೇಲೆ ನಿಂಬೆ ಗಾತ್ರದ ಬೆಣ್ಣೆ, ಅದು ಅರ್ಧ ಕರಗಿ ಇಡ್ಲಿಯ ತೂತುಗಳಿಗೆ ಇಳಿದಿತ್ತು. ತೆಳ್ಳಗಿನ ಕಾಯಿ ಚಟ್ನಿ, ಹಸಿಮೆಣಸಿನಕಾಯಿ ಖಾರ ಮುಂದೆ. ಜತೆಗೊಂದು ಉದ್ದಿನ ವಡೆ. ಅಪ್ಪ ಒಂದು, ನಾನು ಒಂದು, ಮಗಳು ಒಂದೂವರೆ, ಟೈಮ್ ವೇಸ್ಟ್ ಅಂದಿದ್ದ ತಮ್ಮ ಎರಡೂವರೆ. ತುಮಕೂರು ಕಡೆಯವರು ಕ್ಯಾತಸಂದ್ರದ ತಟ್ಟೆ ಇಡ್ಲಿಯೇ ಅಸಲಿ ಅಂತ ಈಗ ಜಗಳಕ್ಕೆ ಬರುತ್ತಾರೆ. ಬನ್ನಿ, ಆದರೆ ಇವತ್ತಲ್ಲ.

ಸಂಜೆ 4.40

ಮೈಸೂರಿನಿಂದ ಬರುವಾಗ ನಿಲ್ಲಿಸೋಣ ಅಂದವನು ತಮ್ಮನೇ. ಬೆಳಿಗ್ಗೆಯ ರುಚಿ ನಾಲಿಗೆ ಮೇಲೆ ಇತ್ತು. ಗೃಹಪ್ರವೇಶದ ಊಟ ಮಧ್ಯಾಹ್ನ ಒಂದಕ್ಕೇ ಆಗಿತ್ತು.

ಹೋಟೆಲು ಖಾಲಿ. ಎರಡು ಟೇಬಲ್ಲಿಗೆ ಜನ, ಅವರೂ ಕಾಫಿಗೆ ಬಂದವರು. ತಟ್ಟೆ ಇಡ್ಲಿ ಬೋರ್ಡಿನ ಪಕ್ಕದಲ್ಲಿ ಬೆಳಿಗ್ಗೆ ಕಣ್ಣಿಗೆ ಬೀಳದ ಇನ್ನೊಂದು ಬೋರ್ಡು: ಸಂಜೆ 4ರ ಮೇಲೆ ಗೋಬಿ, ಫ್ರೈಡ್ ರೈಸ್, ನೂಡಲ್ಸ್. (2024ರ ಮಾರ್ಚಲ್ಲಿ ಕೃತಕ ಬಣ್ಣ ನಿಷೇಧ ಆದ ಮೇಲೆ ಗೋಬಿ ಕೆಂಪು ಹೋಗಿ ಕಂದು ಆಗಿದೆ, ಇಲ್ಲೂ ಹಾಗೇ.) ಟೋಕನ್ ಕೊಟ್ಟ ಒಂದೇ ನಿಮಿಷಕ್ಕೆ ಇಡ್ಲಿ ಬಂತು. ಅಲ್ಲೇ ಅನುಮಾನ ಬರಬೇಕಿತ್ತು. ಬೆಳಿಗ್ಗೆ ಎಂಟು ನಿಮಿಷ ಕಾದಿದ್ದೆವು.

ಮಗಳು ಬೆರಳಲ್ಲಿ ಒತ್ತಿ ನೋಡಿ "ತಾತಾ, ನಡುಗ್ತಿಲ್ಲ" ಅಂದಳು.

ನಡುಗುವ ಮಾತಿರಲಿ, ಮೇಲ್ಮೈ ಒಣಗಿ ಚರ್ಮದ ಹಾಗೆ ಆಗಿತ್ತು, ತಳ ಮಾತ್ರ ಒದ್ದೆ. ಬೆಣ್ಣೆ ಕರಗದೆ ಇಟ್ಟ ಹಾಗೇ ಕೂತಿತ್ತು. ಹುಳಿ ಬೇರೆ. ಒಂದು ಇಡ್ಲಿ ಮುರಿದಾಗ ಒಳಗೆ ತೂತುಗಳೇ ಇರಲಿಲ್ಲ, ಒತ್ತಿ ಕೂತ ಹಿಟ್ಟು. ಆಗಲೇ ತಮ್ಮ ಫೋನ್ ತೆಗೆದದ್ದು, ಅಪ್ಪ ತಡೆದದ್ದು, ಇಬ್ಬರೂ ಕಿಟಕಿ ಹತ್ತಿರ ಹೋದದ್ದು. ನಾನು ಹಿಂದೆ.

ಒಬ್ಬೆ ಲೆಕ್ಕ

ಪೆಟ್ಟಿಗೆ ಮುಂದೆ ಬೆಳಿಗ್ಗೆಯ ಅಣ್ಣನೇ ಇದ್ದರು. ಅಂದರೆ ಕೈ ಬದಲಾಗಿಲ್ಲ. ಅಪ್ಪ ದೂರು ಹೇಳಲಿಲ್ಲ. "ಏನಪ್ಪಾ, ಬೆಳಿಗ್ಗೆ ಐದಕ್ಕೆ ನಿಂತಿದ್ದು ಇನ್ನೂ ನಿಂತಿದೀಯ?" ಅಂತ ಶುರು ಮಾಡಿದರು. ಕಂಡಕ್ಟರ್ ಕೆಲಸದಲ್ಲಿ ಕಲಿತ ವಿದ್ಯೆ, ಎದುರಿನವರು ತಾವಾಗೇ ಮಾತಾಡುತ್ತಾರೆ. ಅಣ್ಣ ನಕ್ಕು, "ಮಧ್ಯಾಹ್ನ ಎರಡು ಗಂಟೆ ಮಲಗಿದ್ದೆ ಯಜಮಾನ್ರೇ" ಅಂದರು. ಆಮೇಲೆ ನಮ್ಮ ತಟ್ಟೆ ನೋಡಿ ಅವರೇ, "ಅದು ಮೂರು ಗಂಟೆ ಒಬ್ಬೆ" ಅಂದುಬಿಟ್ಟರು.

ಅವರು ಹೇಳಿದ ಲೆಕ್ಕ ಹೀಗಿದೆ. ಆ ಪೆಟ್ಟಿಗೆಗೆ ಒಂದು ಸಲಕ್ಕೆ 48 ಇಡ್ಲಿ. ಬೇಯಲು 12 ನಿಮಿಷ. ಶನಿವಾರ ಭಾನುವಾರ ಬೆಳಿಗ್ಗೆ ಒಂದು ಒಬ್ಬೆ ಇಳಿಸಿದರೆ ಹತ್ತು ನಿಮಿಷದೊಳಗೆ ಖಾಲಿ, ಎರಡು ಪೆಟ್ಟಿಗೆ ಹಚ್ಚಿದರೂ ಸಾಲುವುದಿಲ್ಲ. ಅಂದರೆ ಬೆಳಿಗ್ಗೆ ಯಾರ ತಟ್ಟೆಗೂ ಹತ್ತು ನಿಮಿಷಕ್ಕಿಂತ ಹಳೆಯ ಇಡ್ಲಿ ಬೀಳಲು ಸಾಧ್ಯವೇ ಇಲ್ಲ. ಸಂಜೆ ಅದೇ 48 ಇಡ್ಲಿ ಹೋಗಲು ಎರಡು ಗಂಟೆ ಬೇಕು. ನಾಲ್ಕು ಜನ ಬಂದರು ಅಂತ ನಾಲ್ಕು ತಟ್ಟೆ ಇಟ್ಟು ಇಡೀ ಪೆಟ್ಟಿಗೆ ಕಾಯಿಸಿದರೆ ಗ್ಯಾಸಿನ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಮೂರು ಗಂಟೆಗೆ ಒಂದು ಒಬ್ಬೆ ಬೇಯಿಸಿ, ಸಣ್ಣ ಉರಿಯಲ್ಲಿ ಪೆಟ್ಟಿಗೆಯೊಳಗೇ ಬಿಟ್ಟಿರುತ್ತಾರೆ. ಬೆಚ್ಚಗೆ ಇರುತ್ತದೆ, ಮೆತ್ತಗೆ ಇರುವುದಿಲ್ಲ.

ತಟ್ಟೆ ಇಡ್ಲಿಯ ಕಷ್ಟ ಅದರ ಆಕಾರದಲ್ಲೇ ಇದೆ. ಗುಂಡಿ ಇಡ್ಲಿ ನಡುವೆ ದಪ್ಪ, ಒಳಗಿನ ಹಬೆಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ತಟ್ಟೆ ಇಡ್ಲಿ ಅಗಲ, ತೆಳು, ಗಾಳಿಗೆ ತೆರೆದ ಮೈ ಜಾಸ್ತಿ. ಹೊರಗಿಟ್ಟರೆ ಬೇಗ ಒಣಗುತ್ತದೆ, ಒಳಗಿಟ್ಟರೆ ಹಬೆಯ ನೀರು ತೊಟ್ಟಿಕ್ಕಿ ತಳ ಮುದ್ದೆಯಾಗುತ್ತದೆ. ತಣ್ಣಗಾದ ಅಕ್ಕಿಯ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ, ಫ್ರಿಜ್ಜಿನ ಅನ್ನ ಗಟ್ಟಿಯಾಗುವುದು ಇದರಿಂದಲೇ. ಬಿಸಿ ಮಾಡಿದರೆ ಸ್ವಲ್ಪ ಸಡಿಲ ಆಗುತ್ತದೆ, ಮೊದಲಿನ ಹಾಗಂತೂ ಆಗುವುದಿಲ್ಲ.

ಹುಳಿಗೆ ಕಾರಣ ಬೇರೆ. ಅದು ನಮ್ಮನ್ನು ರಸ್ತೆಗೆ ವಾಪಸ್ ಕರೆದುಕೊಂಡು ಹೋಯಿತು. ಹಿಂದೆ ಆ ಹೋಟೆಲಲ್ಲಿ ದಿನಕ್ಕೆ ಎರಡು ಸಲ ರುಬ್ಬುತ್ತಿದ್ದರಂತೆ. ಹಿಂದಿನ ದಿನ ಸಂಜೆ ರುಬ್ಬಿದ್ದು ಬೆಳಿಗ್ಗೆಗೆ, ಬೆಳಗಿನ ಜಾವ ರುಬ್ಬಿದ್ದು ಸಂಜೆಗೆ. ಅಕ್ಕಿ, ಉದ್ದಿನಬೇಳೆ, ಸ್ವಲ್ಪ ಸಬ್ಬಕ್ಕಿ, ಒಂದಿಷ್ಟು ಅವಲಕ್ಕಿ. ಹೊಸ ಹೆದ್ದಾರಿ ಆದ ಮೇಲೆ ಎರಡನೇ ರುಬ್ಬು ನಿಂತಿತು. ಸಂಜೆಗೆ ಈಗ ಬೆಳಿಗ್ಗೆ ಮಿಕ್ಕಿದ ಹಿಟ್ಟು. ಇಪ್ಪತ್ತನಾಲ್ಕು ಗಂಟೆ ಆದ ಹಿಟ್ಟು, ಅದರಲ್ಲಿ ಬೆಳಿಗ್ಗೆಯಿಂದ ನೂರು ಸಲ ಸೌಟು ಆಡಿರುತ್ತದೆ. ಹುದುಗಿ ಮೇಲೆದ್ದ ಗಾಳಿಯೆಲ್ಲ ಸೌಟಿಗೇ ಹೋಗಿರುತ್ತದೆ, ಹುಳಿ ಮಾತ್ರ ಉಳಿದಿರುತ್ತದೆ. ತೂತು ಇಲ್ಲದ ಇಡ್ಲಿ ಅದೇ.

"ಸಂಜೆ ಜನ ಯಾಕಿಲ್ಲ, ಬೆಳಿಗ್ಗೆ ಯಾಕಿದ್ದಾರೆ?" ಅಂತ ತಮ್ಮ ಕೇಳಿದ. ಒಳ್ಳೆ ಪ್ರಶ್ನೆ. ಉತ್ತರ ಕೊಟ್ಟವರು ಅಪ್ಪ. ಬೆಳಿಗ್ಗೆ ಬರುವವರು ಬಿಡದಿಗೆ ಅಂತಲೇ ಬರುವವರು. ಬೆಂಗಳೂರಿನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಒಂದು ಸುತ್ತು ಹೋಗಿ ತಿಂದು ಬರಲು ಸರಿಯಾದ ದೂರ. ಅದರ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರನ್ನು ಹೆದ್ದಾರಿಯ ಮುಖ್ಯ ರಸ್ತೆಗೆ ಬಿಡುವುದಿಲ್ಲ. ಬೈಕಿನವರು ಸರ್ವಿಸ್ ರಸ್ತೆ, ಹಳೇ ರಸ್ತೆಯಲ್ಲೇ ಹೋಗಬೇಕು, ಅವರ ಕಣ್ಣಿಗೆ ಹೋಟೆಲು ಬಿದ್ದೇ ಬೀಳುತ್ತದೆ. ಸಂಜೆಯವರ ಕಥೆ ಬೇರೆ. ಅವರು ಮೈಸೂರಿನಿಂದ ಮನೆಗೆ ವಾಪಸ್ ಬರುವವರು, ಹಾದು ಹೋಗುವವರು. ಅವರು ಇಡ್ಲಿಗೆ ಅಂತ ಬಂದವರಲ್ಲ, ದಾರಿಯಲ್ಲಿ ಇಡ್ಲಿ ಇತ್ತು ಅಂತ ತಿಂದವರು. ದಾರಿ ಹೋಯಿತು, ಅವರೂ ಹೋದರು.

ಅಪ್ಪನಿಗೆ ತಟ್ಟೆ ಇಡ್ಲಿ ಬಗ್ಗೆ ಒಂದು ಸ್ವಂತ ಸಿದ್ಧಾಂತ ಇದೆ. ಅವರ ಕಾಲದಲ್ಲಿ ಬಸ್ಸು ನಿಲ್ಲುತ್ತಿದ್ದದ್ದು ಹತ್ತು ನಿಮಿಷ. ಐವತ್ತು ಜನ ಒಟ್ಟಿಗೆ ಇಳಿಯುತ್ತಾರೆ, ಒಟ್ಟಿಗೆ ಕೇಳುತ್ತಾರೆ. ದೋಸೆ ಆದರೆ ಒಂದೊಂದೇ ಹುಯ್ಯಬೇಕು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಸಣ್ಣ ಇಡ್ಲಿ ಆದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ಎಣಿಸಿ ಹಾಕಬೇಕು. ತಟ್ಟೆ ಇಡ್ಲಿ ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡು, ಒಂದು ಒಬ್ಬೆಗೆ ಒಂದು ಬಸ್ಸು. "48 ಇಡ್ಲಿ ಪೆಟ್ಟಿಗೆ ಸುಮ್ನೆ ಬಂತಾ? ಬಸ್ಸಿನ ಸೀಟು ನೋಡಿ ಮಾಡಿಸಿದ್ದು ಅದು" ಅಂದರು. ಇದು ಇತಿಹಾಸವೋ ಕಂಡಕ್ಟರ್ ಅಭಿಮಾನವೋ, ನೀವೇ ತೀರ್ಮಾನ ಮಾಡಿ. ನನಗಂತೂ ಹಿಡಿಸಿತು.

ಮದ್ದೂರು ವಡೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಬಿಡದಿಯ ಕಷ್ಟ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅದೂ ಇದೇ ದಾರಿಯ ತಿಂಡಿ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಶುರುವಾಯಿತು ಅಂತ ಹೇಳುತ್ತಾರೆ. ಹೆದ್ದಾರಿಯಿಂದ ಅದಕ್ಕೂ ಪೆಟ್ಟು ಬಿತ್ತು. ಆದರೆ ವಡೆ ಎಣ್ಣೆಯಲ್ಲಿ ಕರಿದದ್ದು, ಈರುಳ್ಳಿ ಜತೆ ಗರಿಗರಿಯಾಗಿ ಎರಡು ದಿನ ಇರುತ್ತದೆ. ಪೊಟ್ಟಣ ಕಟ್ಟಿ ರೈಲಲ್ಲಿ ಮಾರಬಹುದು, ಬೆಂಗಳೂರಿನ ಬೇಕರಿಗೆ ಕಳಿಸಬಹುದು. ಗಿರಾಕಿ ಬರದಿದ್ದರೆ ವಡೆಯೇ ಗಿರಾಕಿ ಹತ್ತಿರ ಹೋಗುತ್ತದೆ. ತಟ್ಟೆ ಇಡ್ಲಿ ಪೆಟ್ಟಿಗೆ ಬಿಟ್ಟು ಹತ್ತು ಹೆಜ್ಜೆ ಹೋಗಲಾರದು. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ತಂದವರಿಗೆಲ್ಲ ಈ ಸತ್ಯ ಗೊತ್ತು.

ಹಾಗಾದರೆ ತಪ್ಪು ಯಾರದು? ಹಿಟ್ಟಿನದಲ್ಲ, ಕೈಯದಲ್ಲ. ರಸ್ತೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬರುವಾಗ ನಾವೂ ಅದೇ ರಸ್ತೆಯಲ್ಲಿ ಮೈಸೂರಿನಿಂದ ಬಿಡದಿಗೆ ಒಂದು ಗಂಟೆ ಸ್ವಲ್ಪದರಲ್ಲಿ ಬಂದಿದ್ದೆವು, ಅಪ್ಪ ನಿದ್ದೆ ಕೂಡ ಮಾಡಿದರು. ಆದರೆ ಹೋಟೆಲಿನವರ ಮೇಲೆ ಒಂದು ಆಕ್ಷೇಪ ಇದೆ, ಅದನ್ನು ಕೌಂಟರಲ್ಲಿ ಹೇಳಿಯೇ ಬಂದೆ: ಟೋಕನ್ ಕೊಡುವಾಗಲೇ "ಬಿಸಿ ಒಬ್ಬೆಗೆ ಕಾಲು ಗಂಟೆ ಆಗುತ್ತೆ, ಕಾಯ್ತೀರಾ?" ಅಂತ ಒಂದು ಮಾತು ಕೇಳಬೇಕು. ಬೆಳಿಗ್ಗೆಯ ರೇಟೇ ತಗೊಂಡು ಮೂರು ಗಂಟೆಯ ಒಬ್ಬೆ ಕೊಡಬಾರದು.

ಕೌಂಟರಲ್ಲಿದ್ದವರು ಬೇಜಾರು ಮಾಡಿಕೊಳ್ಳಲಿಲ್ಲ. "ಕೇಳಿದ್ರೆ ಹತ್ತರಲ್ಲಿ ಎಂಟು ಜನ ಎದ್ದು ಹೋಗ್ತಾರೆ ಮೇಡಂ. ಅವರೆಲ್ಲ ಮೇಲಿನ ರೋಡಿನ ಸ್ಪೀಡಲ್ಲೇ ಇರ್ತಾರೆ" ಅಂದರು. ಉಳಿದ ಇಬ್ಬರು? "ಅವರು ಗೋಬಿ ತಗೋತಾರೆ."

ಅಷ್ಟರಲ್ಲಿ ಅಪ್ಪ ಅಣ್ಣನ ಹತ್ತಿರ ಏನು ಹೇಳಿದರೋ, ಪೆಟ್ಟಿಗೆಯ ಉರಿ ಜೋರಾಗಿತ್ತು. ಆರು ತಟ್ಟೆ ಹೊಸದಾಗಿ ಇಟ್ಟಿದ್ದರು. ನಾವು ಹನ್ನೆರಡು ನಿಮಿಷ ಕಾದೆವು. ಮಗಳು ಬಾಗಿಲು ತೆಗೆಯುವುದನ್ನೇ ನೋಡುತ್ತ ನಿಂತಿದ್ದಳು. ಬಂದ ಇಡ್ಲಿ ನಡುಗಿತು, ಬೆಳಿಗ್ಗೆಯಷ್ಟಲ್ಲ, ಆದರೂ ನಡುಗಿತು. ಹುಳಿ ಹಾಗೇ ಇತ್ತು, ಅದಕ್ಕೆ ಹಬೆ ಏನು ಮಾಡುತ್ತದೆ. ಚಟ್ನಿ ಜಾಸ್ತಿ ಹಾಕಿಕೊಂಡು ತಿಂದೆವು. ಹೊಸದಾಗಿ ದುಡ್ಡು ತಗೊಳ್ಳಲಿಲ್ಲ. ತಮ್ಮ ಬರೆದಿದ್ದ ಒಂದು ಸ್ಟಾರನ್ನು ಅಳಿಸಿ, ಹೊಸದಾಗಿ ಏನು ಬರೆಯಬೇಕು ಅಂತ ಗೊತ್ತಾಗದೆ ಫೋನ್ ಜೇಬಿಗೆ ಇಟ್ಟ. "ಬೆಳಿಗ್ಗೆ ಐದು, ಸಂಜೆ ಎರಡು ಅಂತ ಹಾಕೋಕೆ ಆಗಲ್ಲ ಅಲ್ವಾ" ಅಂದ.

ಅದಾದ ಎಂಟನೇ ದಿನ, ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಅಪ್ಪನ ಫೋನು. ವಾಕಿಂಗ್ ಅಂತ ಮನೆಯಿಂದ ಹೊರಟವರು ಮೆಟ್ರೋ ಹತ್ತಿ ಕೆಂಗೇರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದಿದ್ದರು. ಹಿಂದೆ ತಟ್ಟೆಗಳ ಸದ್ದು, ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಮೊದಲು ಮೊಮ್ಮಗಳನ್ನು ಕೇಳಿದರು, ಅವಳು ಇನ್ನೂ ಮಲಗಿದ್ದಳು. "ಎದ್ಮೇಲೆ ಹೇಳು, ನಡುಗ್ತಿದೆ ಅಂತ. ನಿಮ್ಮಮ್ಮನಿಗೆ ಹೇಳ್ಬೇಡ, ಎರಡು ತಿಂದೆ."